ಅಮೆರಿಕದೊಳಗೆ ವಿಮಾನ ಬದಲಿಸುವಾಗ ಬ್ಯಾಗ್ ಬೆಲ್ಟ್ ಬಳಿ ಎಡವಬೇಡಿ

ವಾರಕ್ಕೊಮ್ಮೆ ಬೆಂಗಳೂರು–ದೆಹಲಿ ಓಡಾಡುವವರಿಗೆ ಅಮೆರಿಕದ ಡೊಮೆಸ್ಟಿಕ್ ವಿಮಾನ ಏನು ಮಹಾ, ಅಲ್ವಾ? ನಾನು ಕಂಡಂತೆ ಜಾಸ್ತಿ ಎಡವುವವರು ಅವರೇ. ಮೊದಲ ಸಲ ಹೋಗುವ ಅಜ್ಜಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ಸರಿಯಾಗಿ ತಲುಪುತ್ತಾರೆ. ರೂಢಿ ಇರುವವರು ಯಾರನ್ನೂ ಕೇಳುವುದಿಲ್ಲ.

ಮೊದಲು ಟಿಕೆಟ್. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಸ್ವಲ್ಪ ದುಡ್ಡು ಉಳಿಯುತ್ತೆ ಅಂತ ಅಲ್ಲಿನ ಟಿಕೆಟ್ ಬೇರೆ ತೆಗೆದರೆ, ಬಹುತೇಕ ಕಡೆ ಮೊದಲ ಬ್ಯಾಗಿಗೇ ಕನಿಷ್ಠ 35 ಡಾಲರ್ ಕಕ್ಕಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟೂ ನಿಮ್ಮ ತಲೆಗೇ. ‘ಬೇಸಿಕ್ ಎಕಾನಮಿ’ ಅಂತ ಅಗ್ಗಕ್ಕೆ ಸಿಗುವುದನ್ನು ಮುಟ್ಟಬೇಡಿ. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಅದನ್ನು ತೆಗೆದರೆ ಸೀಟಿನ ಕೆಳಗೆ ಹಿಡಿಸುವ ಚಿಕ್ಕ ಬ್ಯಾಗ್ ಮಾತ್ರ ಫ್ರೀ. ಎರಡು ವಿಮಾನಗಳ ನಡುವೆ 3 ಗಂಟೆ ಇರಲೇಬೇಕು. ಏಜೆಂಟ್ ‘ಒಂದೂವರೆ ಗಂಟೆ ಸಾಕು ಸಾರ್’ ಅಂದರೆ ಕೇಳಬೇಡಿ, ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವವರು ಅವರಲ್ಲ.

ಇನ್ನು ಬಹಳ ಜನ ಕೆಡಿಸಿಕೊಳ್ಳುವ ಜಾಗ. ಬ್ಯಾಗಿನ ಟ್ಯಾಗ್ ಮೇಲೆ ಕೊನೆಯ ಊರಿನ ಹೆಸರೇ ಇದ್ದರೂ, ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲಿ ಇಮಿಗ್ರೇಷನ್ ಮುಗಿಸಿ ಬ್ಯಾಗನ್ನು ನೀವೇ ಬೆಲ್ಟಿನಿಂದ ಎತ್ತಿಕೊಳ್ಳಬೇಕು. ಕಸ್ಟಮ್ಸ್ ದಾಟಿಸಬೇಕು. ಆಚೆ ಬಂದ ಕೂಡಲೇ ಇರುವ ರೀಚೆಕ್ ಬೆಲ್ಟಿಗೆ ಮತ್ತೆ ಹಾಕಬೇಕು. ಶಿಕಾಗೋದಲ್ಲಿ ನನ್ನ ಸಾಲಿನಲ್ಲೇ ಕೂತು ಬಂದಿದ್ದ ಒಬ್ಬರು, ‘ನೇರ ಕೊಲಂಬಸ್‌ಗೇ ಬರುತ್ತೆ ಕಣೆ, ಟ್ಯಾಗ್ ನೋಡಿದೀನಿ’ ಎಂದು ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಟ್ಟರು. ನನ್ನ ಬ್ಯಾಗಿಗೆ ಕಾಯುತ್ತಿದ್ದಾಗ ಹಸಿರು ನೈಲಾನ್ ಹಗ್ಗ ಕಟ್ಟಿದ ಅವರ ಕಂದು ಸೂಟ್‌ಕೇಸ್ ನನ್ನ ಮುಂದೆ ಮೂರು ಸಲ ಸುತ್ತು ಹಾಕಿತು. ಕಸ್ಟಮ್ಸ್ ಬಾಗಿಲು ದಾಟಿದವರು ಹಾಗೆಲ್ಲ ವಾಪಸ್ ಬರುವಂತಿಲ್ಲ. ಸೂಟ್‌ಕೇಸ್ ಮನೆ ಸೇರಿದ್ದು ಮೂರು ದಿನದ ಮೇಲೆ.

ಕಸ್ಟಮ್ಸ್‌ನವರು ಕೇಳಿದರೆ ತಿಂಡಿ ಇದೆ ಎಂದು ಹೇಳಿಬಿಡಿ. ಹೇಳಿದ್ದಕ್ಕೆ ದಂಡವಿಲ್ಲ, ಮುಚ್ಚಿಟ್ಟರೆ ಉಂಟು. ಹಸಿ ಕರಿಬೇವು ಮಾತ್ರ ತರಲೇಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಜೊತೆ ಬರುತ್ತದೆಂದು ಕಿತ್ತುಕೊಳ್ಳುತ್ತಾರೆ.

ರೀಚೆಕ್ ಬೆಲ್ಟಿಗೆ ಹಾಕುವ ಮುಂಚೆ ಒಂದು ನಿಮಿಷ ನಿಲ್ಲಿ. ಮುಂದೆ ಮತ್ತೊಮ್ಮೆ ಸೆಕ್ಯುರಿಟಿ ಇದೆ. ನಮ್ಮ ಹುಬ್ಬಳ್ಳಿ ವಿಮಾನದಲ್ಲಿ ನೀರಿನ ಬಾಟಲಿ ಹಿಡಿದು ಹತ್ತುವ ಅಭ್ಯಾಸ ಅಲ್ಲಿ ನಡೆಯಲ್ಲ. ತುಪ್ಪ, ಉಪ್ಪಿನಕಾಯಿ, ಗೊಜ್ಜು, ಕೊನೆಗೆ ಮೊಸರು ಕೂಡ ಅವರ ಲೆಕ್ಕದಲ್ಲಿ ದ್ರವವೇ. ಯಾವ ಡಬ್ಬಿಯೂ 100 ಮಿ.ಲೀ. ಮೀರುವಂತಿಲ್ಲ. ಡ್ಯೂಟಿ ಫ್ರೀ ಬಾಟಲಿ, ಕೈಚೀಲದಲ್ಲಿರುವ ಉಪ್ಪಿನಕಾಯಿ ಎಲ್ಲವನ್ನೂ ಅಲ್ಲೇ ಸೂಟ್‌ಕೇಸಿಗೆ ತುರುಕಿ. ಅದಕ್ಕೇ ಹೇಳೋದು, ಹೊರಡುವಾಗ ಏರ್‌ಪೋರ್ಟಿನಲ್ಲಿ ಸುಮ್ನೆ ದುಡ್ಡು ಕೊಟ್ಟು ಸೂಟ್‌ಕೇಸಿಗೆ ಪ್ಲಾಸ್ಟಿಕ್ ಸುತ್ತಿಸಬೇಡಿ. ಬಿಚ್ಚಲು ಕತ್ತರಿ ಎಲ್ಲಿಂದ ತರುತ್ತೀರಿ? ಬೀಗವೂ ಅಲ್ಲಿನ ಏರ್‌ಪೋರ್ಟ್ ತಪಾಸಣಾ ಸಂಸ್ಥೆ ಟಿಎಸ್‌ಎ ಗುರುತಿನದೇ ಇರಲಿ, ಬೇರೆಯದಾದರೆ ತಪಾಸಣೆಗೆ ಒಡೆದುಬಿಡಬಹುದು.

ಈ ರಗಳೆಯೇ ಬೇಡ ಎನ್ನುವವರಿಗೆ ಅಬುಧಾಬಿ ದಾರಿ ಇದೆ. ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ. ಆಮೇಲೆ ನೀವು ಡೊಮೆಸ್ಟಿಕ್ ಪ್ರಯಾಣಿಕರಂತೆಯೇ ಇಳಿಯುತ್ತೀರಿ. ಅಪ್ಪ ಅಮ್ಮನನ್ನು ಕಳಿಸುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಸೆಕ್ಯುರಿಟಿಯಲ್ಲಿ ಗುರುತಿಗೆ ನಮ್ಮ ಪಾಸ್‌ಪೋರ್ಟ್ ಸಾಕು. 2025ರ ಜುಲೈನಿಂದ ಸಾಮಾನ್ಯವಾಗಿ ಶೂ ಬಿಚ್ಚಿಸುವುದಿಲ್ಲ. ಹೆಂಗಸರಿಗೆ ಬೇರೆ ಸಾಲು, ಪರದೆ ಹಾಕಿದ ಗೂಡು ಇರುವುದಿಲ್ಲ. ಎಲ್ಲರೂ ಅದೇ ಸ್ಕ್ಯಾನರ್‌ನಲ್ಲಿ ಕೈ ಮೇಲೆತ್ತಿ ನಿಲ್ಲಬೇಕು. ಬಳೆ, ಸರದಿಂದ ಅದು ಕೂಗಿ ಮೈ ಮುಟ್ಟಿ ನೋಡಬೇಕಾದರೆ ಹೆಂಗಸರೇ ಬರುತ್ತಾರೆ. ಪ್ರತ್ಯೇಕ ಕೋಣೆ ಬೇಕೆಂದು ಕೇಳಬಹುದು.

ಗೇಟ್ ಬಾಗಿಲು ಹೊರಡುವ 15 ನಿಮಿಷ ಮುಂಚೆಯೇ ಮುಚ್ಚುತ್ತದೆ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಂಟೆ, ಶಿಕಾಗೋಗೂ ನ್ಯೂಯಾರ್ಕಿಗೂ ಒಂದು ಗಂಟೆ ವ್ಯತ್ಯಾಸ. ಇಳಿದ ಕೂಡಲೇ ವಾಚ್ ತಿದ್ದಿಕೊಳ್ಳಿ.

ಊಟ ಸಿಗುತ್ತೆ ಅಂದುಕೊಳ್ಳಬೇಡಿ. ಒಂದು ಲೋಟ ಜ್ಯೂಸು, ಬೊಗಸೆಯಷ್ಟೂ ಇಲ್ಲದ ಬಿಸ್ಕತ್ತು. ಕೊಳ್ಳುತ್ತೇನೆಂದರೂ ನೋಟು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಆಗಬೇಕು. ಚಪಾತಿ, ಒಣ ಪಲ್ಯ ಕಟ್ಟಿಕೊಳ್ಳಿ.

ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿರುತ್ತಾರೆ. ಗೇಟಿನಲ್ಲಿ ‘ಯಾರಾದರೂ ಸೀಟು ಬಿಟ್ಟುಕೊಡ್ತೀರಾ’ ಎಂದು ವೋಚರ್ ಆಸೆ ತೋರಿಸಿದರೆ ಮೊದಲ ಮೊತ್ತಕ್ಕೇ ಕೈ ಎತ್ತಬೇಡಿ, ಸಾಮಾನ್ಯವಾಗಿ ಅದು ಏರುತ್ತದೆ. ಆದರೆ ನೀವು ಒಪ್ಪದೆ ಅವರೇ ಇಳಿಸಿದರೆ, ಎಷ್ಟು ತಡವಾಯಿತು ಎಂಬುದರ ಮೇಲೆ ಕೈಗೆ ಹಣವನ್ನೇ ಕೇಳಬಹುದು. ವಿಮಾನ 3 ಗಂಟೆ ತಡವಾಗಿ ನಿಮಗೆ ಹೋಗುವುದೇ ಬೇಡವಾದರೆ ನಾನ್-ರಿಫಂಡಬಲ್ ಟಿಕೆಟ್ಟಿನ ದುಡ್ಡೂ ವಾಪಸ್.

ಕೊನೆಯ ಊರಿನ ಬ್ಯಾಗ್ ಬೆಲ್ಟ್ ಹೆಚ್ಚಿನ ಕಡೆ ಸೆಕ್ಯುರಿಟಿಯಿಂದ ಹೊರಗೆ ಇರುತ್ತದೆ. ರಸ್ತೆಯಿಂದ ಯಾರು ಬೇಕಾದರೂ ಒಳಗೆ ಬರಬಹುದು, ಹಾಗಾಗಿ ಕಾಫಿಗೆ ನಿಲ್ಲದೆ ನೇರ ಅಲ್ಲಿಗೆ ನಡೆಯಿರಿ. ಟ್ರಾಲಿಗೆ ಬಹಳ ಕಡೆ ದುಡ್ಡು ಕೊಡಬೇಕು. ಕರೆದೊಯ್ಯಲು ಬಂದ ಮಗನಿಗೆ ಕಾರು ನಿಲ್ಲಿಸಿ ಬೆಲ್ಟಿನ ಹತ್ತಿರಕ್ಕೇ ಬರಲು ಹೇಳಿ, ಭಾರದ ಸೂಟ್‌ಕೇಸನ್ನು ಅವನೇ ಎತ್ತಲಿ.