ಉಪ್ಪುಪ್ರಿಯ ಆರ್ಕಿಯಾದಲ್ಲಿ ಜೀನ್ ಅಳಿಸುವ ಬಗೆ

ಮಡಿಕೇರಿಯ ಕಾಲೇಜು ಪ್ರಯೋಗಾಲಯದಲ್ಲಿ ಹ್ಯಾಲೋಫೆರಾಕ್ಸ್ ವೋಲ್ಕಾನಿ ಎಂಬ ಆರ್ಕಿಯಾವನ್ನು (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಏಕಕೋಶ ಜೀವಿ) ಬೆಳೆಸಹೊರಟವರು ಮೊದಲು ಅದರ ಬೆಳೆಸುದ್ರವಕ್ಕೆ ಬೇಕಾದ ಮೆಗ್ನೀಷಿಯಂ ಕ್ಲೋರೈಡ್ ಡಬ್ಬಿಯ ಮುಚ್ಚಳ ಬಿಗಿಮಾಡಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಅದು ತೇವ ಹೀರಿ ಒದ್ದೆಯಾದರೆ ತೂಕವೇ ತಪ್ಪುತ್ತದೆ.

ಆರ್‌ಎನ್‌ಎಯ ಘಟಕವಾದ ಯುರಾಸಿಲ್ ತಯಾರಿಕೆಗೆ ಬೇಕಾದ ಪೈರ್‌ಇ2 ಜೀನ್ ಇಲ್ಲದ ತಳಿಯನ್ನು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ, ಇಡಿಟಿಎ ಎಂಬ ರಾಸಾಯನಿಕದಿಂದ ಅದರ ಹೊರಪದರ ಕಳಚಿ, ಪಿಇಜಿ 600 (ಪಾಲಿಎಥಿಲೀನ್ ಗ್ಲೈಕಾಲ್) ನೆರವಿನಿಂದ ಪ್ಲಾಸ್ಮಿಡ್ (ಉಂಗುರದಾಕಾರದ ಸಣ್ಣ ಡಿಎನ್‌ಎ) ಒಳಸೇರಿಸಬೇಕು. ಈ ಜೀವಿಯೊಳಗೆ ತಾನಾಗಿ ಪ್ರತಿಯಾಗದ ಆ ಪ್ಲಾಸ್ಮಿಡ್‌ನಲ್ಲಿ ಪೈರ್‌ಇ2 ಜೊತೆಗೆ, ಅಳಿಸಬೇಕಾದ ಜೀನಿನ ಎರಡೂ ಬದಿಯ ತುಣುಕುಗಳು ಜೋಡಿಸಿರಬೇಕು. ಅದನ್ನು ಡಿಎನ್‌ಎಗೆ ಮೀಥೈಲ್ ಗುರುತು ಹಾಕುವ ಡ್ಯಾಮ್ ಮೀಥೈಲೇಸ್ ಕಿಣ್ವ ಇಲ್ಲದ ಇ. ಕೊಲೈ ಬ್ಯಾಕ್ಟೀರಿಯಾ ತಳಿಯಿಂದಲೇ ತೆಗೆಯುವುದು ಒಳ್ಳೆಯದು. ಅಂಥ ಮೀಥೈಲ್ ಗುರುತುಳ್ಳ ಡಿಎನ್‌ಎಯನ್ನು ಹ್ಯಾಲೋಫೆರಾಕ್ಸ್ ಕತ್ತರಿಸಿಹಾಕುತ್ತದೆ (ಹೊಸಬರು ಎಡವುವುದು ಇಲ್ಲೇ).

ಯುರಾಸಿಲ್ ಇಲ್ಲದ ತಟ್ಟೆಯಲ್ಲಿ ಮೂಡಿದ, ಅಂದರೆ ಪ್ಲಾಸ್ಮಿಡ್ ಕ್ರೋಮೋಸೋಮಿಗೆ ಸೇರಿಕೊಂಡ ಕಾಲೊನಿಗಳನ್ನು, ಯುರಾಸಿಲ್ ಇರುವ ದ್ರವದಲ್ಲಿ ಬೆಳೆಸಿ, ಯುರಾಸಿಲ್ ಜೊತೆಗೆ, ಪೈರ್‌ಇ2 ಇರುವ ಕೋಶಗಳಿಗೆ ವಿಷವಾಗುವ 5-ಫ್ಲೋರೋಓರೋಟಿಕ್ ಆಮ್ಲ ಬೆರೆತ ತಟ್ಟೆಗೆ ಹರಡಿದರೆ, ಪ್ಲಾಸ್ಮಿಡ್ ಕಳೆದುಕೊಂಡ ಕೋಶಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಮೂಲ ಜೀನನ್ನೇ ಉಳಿಸಿಕೊಂಡಿರುವುದರಿಂದ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ನೋಡುವ ಪರೀಕ್ಷೆ) ಮಾಡದೆ ನಂಬಬಾರದು.