ಆಯಿಲ್ ಡಬ್ಬದ ಹಿಂಬದಿ ಓದುವುದು ಹೇಗೆ?

ಮಳೆಗಾಲ ಮುಗಿದು ಅಡಿಕೆ ಸುಗ್ಗಿ ಶುರುವಾಗುವ ಮುಂಚೆ ನಮ್ಮ ಕಡೆ ಗ್ಯಾರೇಜುಗಳಿಗೆ ಬಿಡುವಿರುವುದಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಇರಲಿ, ತೀರ್ಥಹಳ್ಳಿಯ ಸಣ್ಣ ಗ್ಯಾರೇಜ್ ಇರಲಿ, ಆಯಿಲ್ ಬದಲಿಸುವಾಗ ಕೇಳುವುದು ಒಂದೇ ಪ್ರಶ್ನೆ: ‘ಮಾಮೂಲಿದು ಹಾಕ್ಲಾ, ಸಿಂಥೆಟಿಕ್ ಹಾಕ್ಲಾ ಅಣ್ಣ?’ ಬೆಲೆ ಮಾತ್ರ ಹೆಚ್ಚುಕಮ್ಮಿ ದುಪ್ಪಟ್ಟು. ದುಡ್ಡು ಜಾಸ್ತಿ ಅಂದ್ರೆ ಒಳ್ಳೆಯದೇ ಇರಬೇಕು ಅಂತ ಕೆಲವರು ಒಪ್ಪುತ್ತಾರೆ. ಯಾವುದಾದರೇನು ಅಂತ ಕೆಲವರು ಅಗ್ಗದ್ದನ್ನು ಹಾಕಿಸುತ್ತಾರೆ. ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವವರು ಕಡಿಮೆ. ಆಯಿಲಿನ ಗುಣಮಟ್ಟ ತಿಳಿಯುವುದು ಅಲ್ಲಿ.

ಮೊದಲು ‘ಸಿಂಥೆಟಿಕ್’ ಎನ್ನುವ ಪದ. ಎಂಜಿನ್ ಆಯಿಲಿನಲ್ಲಿ ಬಹುಪಾಲು ಮೂಲ ಎಣ್ಣೆ, ಉಳಿದದ್ದು ಸೇರಿಸಿದ ರಾಸಾಯನಿಕ. ಮೂಲ ಎಣ್ಣೆಯಲ್ಲಿ ಐದು ಗುಂಪುಗಳಿವೆ. ಒಂದು, ಎರಡನೇ ಗುಂಪು ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು. ಇದೇ ನಾವು ಹೇಳುವ ಮಾಮೂಲಿ ಅಥವಾ ಮಿನರಲ್ ಆಯಿಲ್. ಮೂರನೆಯದೂ ಕಚ್ಚಾ ತೈಲದ್ದೇ. ಆದರೆ ಹೈಡ್ರೋಜನ್ ಜೊತೆ ಹೆಚ್ಚು ಒತ್ತಡ, ಬಿಸಿಯಲ್ಲಿ ಅದರ ರಚನೆಯನ್ನೇ ಬದಲಿಸಿರುತ್ತಾರೆ. ನಾಲ್ಕನೆಯದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಕಟ್ಟಿದ ಪಿಎಒ (ಪಾಲಿ ಆಲ್ಫಾ ಓಲಿಫಿನ್) ಎನ್ನುವ ಎಣ್ಣೆ. ಎಸ್ಟರ್‌ನಂಥ ಉಳಿದವು ಐದನೆಯದು. ಮೂರನೇ ಗುಂಪನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ಜಗಳ ಎದ್ದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ವಿಚಾರಣಾ ಮಂಡಳಿ ಅನ್ನಬಹುದು ಎಂದಿತು. ಹಾಗಾಗಿ ಇವತ್ತು ‘ಫುಲ್ ಸಿಂಥೆಟಿಕ್’ ಎಂದು ಬರೆದ ಎರಡು ಡಬ್ಬಗಳ ಒಳಗೆ ಬೇರೆ ಬೇರೆ ಮೂಲದ ಎಣ್ಣೆ ಇರಬಹುದು. ‘ಸೆಮಿ’ ಎಂದರೆ ಮಾಮೂಲಿ, ಸಿಂಥೆಟಿಕ್ ಎರಡರ ಮಿಶ್ರಣ. ಯಾವುದು ಎಷ್ಟು ಪಾಲು ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ.

ಹಾಗಂತ ವ್ಯತ್ಯಾಸ ಇಲ್ಲ ಅಂತಲ್ಲ. ಮಾಮೂಲಿ ಆಯಿಲಿನಲ್ಲಿ ಸಣ್ಣ, ದೊಡ್ಡ ಅಣುಗಳು ಬೆರೆತಿರುತ್ತವೆ. ಬಿಸಿಗೆ ಹಗುರಾದವು ಆವಿಯಾಗಿ ಹೋಗುತ್ತವೆ, ಉಳಿದದ್ದು ಗಟ್ಟಿಯಾಗುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳು ಹೆಚ್ಚು ಒಂದೇ ಸಮ. ಅಮೆರಿಕದ ವಾಹನ ಸಂಘ ಎಎಎ 2017ರಲ್ಲಿ ಐದು ಮಾಮೂಲಿ, ಐದು ಸಿಂಥೆಟಿಕ್ ಆಯಿಲ್‌ಗಳನ್ನು ಎಂಟು ಬಗೆಯಲ್ಲಿ ಪರೀಕ್ಷಿಸಿತು. ಸಿಂಥೆಟಿಕ್ ಸರಾಸರಿ 47% ಮುಂದಿತ್ತು. ಇದು ಸಣ್ಣ ಅಂತರ ಅಲ್ಲ.

ಈಗ ಡಬ್ಬ ತಿರುಗಿಸೋಣ. ಕೈಯಲ್ಲಿ ವಾಹನದ ಮ್ಯಾನುಯಲ್ ಇರಲಿ. ಮೂರು ವಿಷಯ ತಾಳೆ ನೋಡಬೇಕು.

ಒಂದು, ಸ್ನಿಗ್ಧತೆ, ಅಂದರೆ ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಎಂದು ಹೇಳುವ 5ಡಬ್ಲ್ಯೂ-30 ತರಹದ ಸಂಖ್ಯೆ. ‘ಡಬ್ಲ್ಯೂ’ ಚಳಿಗಾಲದ ಗುರುತು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ. ಆಗುಂಬೆಯ ಡಿಸೆಂಬರ್ ಚಳಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ತೆಳು ಆಯಿಲ್ ಎಂಜಿನ್ನಿನ ಮೇಲಿನ ಭಾಗಗಳಿಗೆ ಬೇಗ ಏರುತ್ತದೆ. ಎರಡನೇ ಸಂಖ್ಯೆ ಬಿಸಿ ಎಂಜಿನ್ನಿನಲ್ಲಿ, 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ದಪ್ಪ ಎಂದು ಹೇಳುತ್ತದೆ. ‘ಘಾಟಿ ಹತ್ತುವ ಗಾಡಿ, ದಪ್ಪದ್ದು ಹಾಕಿ’ ಎನ್ನುವ ಮಾತು ಕೇಳಿ 20 ಬೇಕಾದಲ್ಲಿ 40 ಹಾಕಿಸಬೇಡಿ. ಈಗಿನ ಎಂಜಿನ್ನುಗಳ ಆಯಿಲ್ ಪಂಪು, ಸಂದುಗಳು ತೆಳು ಆಯಿಲ್‌ಗೆ ಹೊಂದುವಂತೆ ಮಾಡಿದವು.

ಎರಡು, ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೊಡುವ ಗುಣಮಟ್ಟದ ಅಕ್ಷರ. ಪೆಟ್ರೋಲ್ ಎಂಜಿನ್ನಿಗೆ ‘ಎಸ್’ನಿಂದ ಶುರು. ಮುಂದಿನ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಮಾನದಂಡ. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು, ಎಸ್‌ಕ್ಯೂ 2025ರದು. ಇದು ಮುಖ್ಯ. ಎಸ್‌ಪಿ ಎಂದು ಪ್ರಮಾಣೀಕರಿಸಿದ ಆಯಿಲ್ ಮಾಮೂಲಿಯಾಗಲಿ, ಸಿಂಥೆಟಿಕ್ ಆಗಲಿ, ಒಂದೇ ಎಂಜಿನ್ ಪರೀಕ್ಷೆಗಳನ್ನು ಗೆದ್ದು ಬಂದಿರಬೇಕು. ಬರೀ ಎಸ್‌ಎಲ್ ಇರುವ ಸಿಂಥೆಟಿಕ್ ಮತ್ತು ಎಸ್‌ಪಿ ಇರುವ ಸೆಮಿ ಎದುರಿಗಿದ್ದರೆ ನಾನು ಹೊಸ ಕಾರಿಗೆ ಎರಡನೆಯದನ್ನೇ ತಗೋತೀನಿ.

ಟರ್ಬೊ ಇರುವ ಸಣ್ಣ ಪೆಟ್ರೋಲ್ ಕಾರಿದ್ದರೆ ಈ ಅಕ್ಷರವನ್ನು ಬಿಡಲೇಬೇಡಿ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ, ಸ್ಪಾರ್ಕ್ ಬರುವ ಮುಂಚೆಯೇ ಇಂಧನ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಒಡೆಯುವಷ್ಟು ಜೋರಾಗಿ ಹೊಡೆಯುತ್ತದೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಈ ಕಾಟ ಹೆಚ್ಚು. ಎಸ್‌ಪಿಯಲ್ಲಿ ಇದಕ್ಕೂ, ಟೈಮಿಂಗ್ ಚೈನ್ ಸವೆತಕ್ಕೂ ಬೇರೆ ಪರೀಕ್ಷೆ ಇದೆ. ಹುಲಿಕಲ್ ಘಾಟಿಯಲ್ಲಿ ಐದನೇ ಗೇರಿನಲ್ಲೇ ಏದುಸಿರು ಬಿಡಿಸುತ್ತಾ ಹತ್ತಿಸುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಗೇರು ಇಳಿಸಿ. ಒಳ್ಳೆ ಆಯಿಲ್ ಇದ್ದರೂ ಇಳಿಸಿ.

ಮೂರು, ಬೈಕಿಗೆ ಜಪಾನಿನ ವಾಹನ ಮಾನದಂಡ ಸಂಸ್ಥೆ ಜಾಸೋದ ಗುರುತು. ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಅದಕ್ಕೆ ಎಂಎ ಅಥವಾ ಎಂಎ2 ಬೇಕು. ಗೇರಿಲ್ಲದ ಸ್ಕೂಟರಿಗೆ ಎಂಬಿ. ಒಮ್ಮೆ ನನ್ನ ಬೈಕಿಗೆ ಒಂದು ಗ್ಯಾರೇಜಿನಲ್ಲಿ ಕಾರಿಗೆ ಹಾಕಿ ಉಳಿದ ದುಬಾರಿ ಸಿಂಥೆಟಿಕ್ ಸುರಿದಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತಿತ್ತು, ಗಾಡಿ ಎಳೆಯಲಿಲ್ಲ. ಕ್ಲಚ್ ಜಾರುತ್ತಿತ್ತು. ಹಿಂದೆ ಅಮ್ಮ ಕೂತಿದ್ದರು, ಮೇಲಿಂದ ಬಸ್ಸು ಇಳಿಯುತ್ತಿತ್ತು. ಇಂಧನ ಉಳಿಸಲೆಂದು ಕಾರಿನ ಆಯಿಲಿಗೆ ಸೇರಿಸುವ ಜಾರುವ ಅಂಶವೇ ಅದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಿಎಸ್6 ಎನ್ನುವ ಹೊಗೆ ನಿಯಮ ಬಂತು. ಈ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆಯಿಲ್ ಉರಿದಾಗ ಬೂದಿ ಉಳಿದರೆ ಅದು ಈ ಫಿಲ್ಟರಿನಲ್ಲಿ ಕೂರುತ್ತದೆ, ಮತ್ತೆ ಸುಟ್ಟು ಹೋಗುವುದಿಲ್ಲ. ಹಾಗಾಗಿ ಬೂದಿ ಕಡಿಮೆ ಇರುವ ಆಯಿಲೇ ಬೇಕು. ಮ್ಯಾನುಯಲ್‌ನಲ್ಲಿ ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ಸಿ2 ಅಥವಾ ಸಿ3 ಎಂದಿದ್ದರೆ ಅದೇ ಗುರುತು ಹುಡುಕಿ. ಹಳೆ ಪಿಕಪ್ಪಿಗೆ ತಂದ ಡಬ್ಬದಿಂದ ಇದಕ್ಕೂ ಸುರಿಯಬೇಡಿ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮನೆಯಿಂದ ಪೇಟೆಗೆ ಆರು ಕಿಲೋಮೀಟರ್, ಅದೂ ತಿರುವುಗಳ ರಸ್ತೆ. ಫಿಲ್ಟರ್ ತನ್ನೊಳಗೆ ತುಂಬಿದ ಮಸಿಯನ್ನು ಸುಡಲು ಶುರು ಮಾಡುವಷ್ಟರಲ್ಲಿ ನಾವು ಗಾಡಿ ಆಫ್ ಮಾಡಿರುತ್ತೇವೆ. ಮಸಿ ಸುಡಲೆಂದು ಎಂಜಿನ್ ಹೆಚ್ಚಾಗಿ ಹಾಯಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಮಟ್ಟ ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ಎಣಿಸುತ್ತಾ ಕೂರಬೇಡಿ, ಗ್ಯಾರೇಜಿಗೆ ಹೋಗಿ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಾಣುವುದೂ ಇಂಥ ಸಣ್ಣ ಓಡಾಟದಿಂದಲೇ. ಎಂಜಿನ್ ಪೂರ್ತಿ ಬಿಸಿಯಾಗದೆ ತೇವ ಒಳಗೇ ಉಳಿದಿರುತ್ತದೆ. ಒಮ್ಮೆ ದೂರ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬೆರೆಸಿದಂತೆ ಕಂಡರೆ ಮಾತ್ರ ನೀರು ನುಗ್ಗಿದೆ ಎಂದರ್ಥ, ಸ್ಟಾರ್ಟ್ ಮಾಡಬೇಡಿ. ಬಣ್ಣ ಕಪ್ಪಾದದ್ದಕ್ಕೆ ಹೆದರಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ. ಲೆಕ್ಕಕ್ಕೆ ಸುಮ್ನೆ ಹೀಗೆ ಹಿಡಿಯೋಣ: ಮೂರೂವರೆ ಲೀಟರ್ ಬೇಕು, ಮಾಮೂಲಿದು ಲೀಟರಿಗೆ 350 ರೂಪಾಯಿ, ಸಿಂಥೆಟಿಕ್ 700, ಫಿಲ್ಟರ್ 250. ಮ್ಯಾನುಯಲ್ ಮಾಮೂಲಿಗೆ 5,000, ಸಿಂಥೆಟಿಕ್‌ಗೆ 10,000 ಕಿಲೋಮೀಟರ್ ಅಂದಿದ್ದರೆ, 10,000ಕ್ಕೆ ಮಾಮೂಲಿ 2,950 ರೂಪಾಯಿ, ಸಿಂಥೆಟಿಕ್ 2,700. ದುಬಾರಿ ಅನಿಸಿದ್ದೇ ಅಗ್ಗ! ಆದರೆ ವರ್ಷಕ್ಕೆ ನಾಲ್ಕು ಸಾವಿರವೂ ಓಡದ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ. ‘ಇಷ್ಟು ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಅಂತ ಮ್ಯಾನುಯಲ್ ಹೇಳಿದರೆ ಮಾಮೂಲಿಯಾಗಲಿ, ಸಿಂಥೆಟಿಕ್ ಆಗಲಿ, ವರ್ಷಕ್ಕೊಮ್ಮೆ ಬದಲಿಸಬೇಕು. ಟರ್ಬೊ ಇಲ್ಲದ ಅಂಥ ಹಳೆ ಕಾರಿಗೆ, ಮ್ಯಾನುಯಲ್ ಒಪ್ಪುವ ಗುಣಮಟ್ಟದ ಮಾಮೂಲಿ ಆಯಿಲ್ ಸಾಕು.

ತೆಗೆದ ಆಯಿಲನ್ನು ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ. ಮಳೆಗೆ ಅದು ತೊಳೆದು ತೋಟಕ್ಕೆ, ಹಳ್ಳಕ್ಕೆ, ಅಲ್ಲಿಂದ ತುಂಗೆಗೆ ಹೋಗುತ್ತದೆ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬವನ್ನು ಗ್ಯಾರೇಜಿನಲ್ಲೇ ಇಡಿಯಾಗಿ ಬಿಟ್ಟು ಬರಬೇಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಿರುವುದು ಅದೇ. ಸ್ಕ್ರೂಡ್ರೈವರಿನಿಂದ ತೂತು ಹೊಡೆದು ಕೊಟ್ಟು ಬನ್ನಿ.