ಖಾಲಿ ಮಂಜಿ, ತುಂಬಿದ ಮಂಜಿ

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಆರಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಬಂದರು ಉಂಟು, ನನ್ನ ಮಾಡೆಲ್ ರೈಲಿನದು. ಹಿಂದೆ ಎರಡು ಹಳಿ, ಒಂದು ಗೂಡ್ಸ್ ಶೆಡ್, ಹಂಚಿನ ಮಾಡಿನ ನಾಲ್ಕು ಗೋದಾಮು. ಮುಂದೆ ದಕ್ಕೆ, ಅಂದರೆ ಹಡಗು ತಾಗಿಸಿ ನಿಲ್ಲಿಸುವ ಕಟ್ಟೆ. ದಕ್ಕೆಯಿಂದ ಈಚೆಗೆ ನೀರು. ರೈಲಿನ ಕೆಲಸ ಮುಗಿದು ಎರಡು ವರ್ಷ ಆಗಿದ್ದರೂ ನೀರಿನ ಜಾಗದಲ್ಲಿ ಬರೀ ಪ್ಲೈವುಡ್ ಇತ್ತು. ನೋಡಲು ಬಂದವರೆಲ್ಲ "ದೋಣಿ ಎಲ್ಲಿ?" ಅಂತ ಕೇಳುವವರೇ. ಗೂಡ್ಸ್ ಗಾಡಿ ದಕ್ಕೆಯ ತನಕ ಬಂದು ನಿಲ್ಲುತ್ತದೆ, ಸಾಮಾನು ತೆಗೆದುಕೊಂಡು ಹೋಗುವವರು ಯಾರೂ ಇಲ್ಲ. ಅವರು ಕೇಳಿದ್ದು ಸರಿಯೇ.

ಮಾಡೆಲ್ ರೈಲಿನವರಿಗೆ ಸಿಗುವ ಕಿಟ್‌ಗಳಲ್ಲಿ ಟಗ್ ಇದೆ, ಹಬೆ ಹಡಗು ಇದೆ, ಯುರೋಪಿನ ಮೀನು ದೋಣಿ ಇದೆ. ಮಂಜಿ ಇಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ಮಂಜಿ ಅಂದರೆ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ಹೊತ್ತು ಹೋಗುವ ಮರದ ಹಡಗು. ಬರುವಾಗ ಕೊಬ್ಬರಿ ತರುತ್ತಿದ್ದವು. ಮೊದಲು ಹಾಯಿಯಲ್ಲಿ ಓಡುತ್ತಿತ್ತು, ಆಮೇಲೆ ಎಂಜಿನ್ ಬಂತು. ಸರಕಾರಿ ಲೆಕ್ಕದಲ್ಲಿ ಹೆಸರಿನ ಮುಂದೆ ಎಂಎಸ್‌ವಿ ಅಂತ ಬರೆಯುತ್ತಾರೆ, ಎಂಜಿನ್ ಇರುವ ಹಾಯಿ ಹಡಗು ಅಂತ ಅರ್ಥ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ದಕ್ಕೆಯ ತನಕ ಬರುವ ಸೈಡಿಂಗ್, ಅಂದರೆ ಕವಲು ಹಳಿ, ಮಾತ್ರ ನನ್ನದೇ ಕಲ್ಪನೆ. ಕಾಲ 1980ರ ಆಸುಪಾಸು ಅಂತ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನನಗೆ ನಾಲ್ಕು ಚಕ್ರದ ಹಳೆ ವ್ಯಾಗನ್ ಅಂದರೆ ಇಷ್ಟ. ಬೇರೆ ದೊಡ್ಡ ಕಾರಣ ಏನಿಲ್ಲ.

ಕೆಲಸ ಶುರು ಮಾಡಿದ್ದು ಜೂನ್‌ನಲ್ಲಿ. ಅದೇ ನನ್ನ ದೊಡ್ಡ ತಪ್ಪು, ಆದರೆ ಆಗ ಅದು ಭಾರಿ ಬುದ್ಧಿವಂತಿಕೆ ಅನ್ನಿಸಿತ್ತು. ಮಳೆಗಾಲದಲ್ಲಿ ಮಂಜಿ ಕಡಲಿಗೆ ಇಳಿಯುವುದಿಲ್ಲ. ಸಾಲಾಗಿ ಕಟ್ಟಿ ನಿಂತಿರುತ್ತವೆ. ಗಡಿಬಿಡಿ ಇಲ್ಲ, ಲಾರಿ ಇಲ್ಲ, ಯಾರ ಕಾಲಿಗೂ ಅಡ್ಡ ಬರುವುದಿಲ್ಲ. ಒಪ್ಪಿಗೆ ಕೇಳಿ ಎರಡು ಭಾನುವಾರ ಕೊಡೆ ಹಿಡಿದುಕೊಂಡು ಫೋಟೋ ತೆಗೆದೆ. ಅಳತೆ ಟೇಪ್ ಹಿಡಿಯಲು ಮುಜುಗರ. ಅದಕ್ಕೆ ಪ್ರತಿ ಫೋಟೋದಲ್ಲೂ ಒಂದು ಡ್ರಮ್ ಬರುವ ಹಾಗೆ ನೋಡಿಕೊಂಡೆ. 200 ಲೀಟರಿನ ಎಣ್ಣೆ ಡ್ರಮ್ ಸುಮಾರು 88 ಸೆಂ.ಮೀ. ಎತ್ತರ ಇರುತ್ತದೆ. ಅದು ಗೊತ್ತಿದ್ದರೆ ಪಕ್ಕದಲ್ಲಿರುವ ಎಲ್ಲದರ ಅಳತೆಯೂ ಸಿಕ್ಕಿದ ಹಾಗೆ.

ನನ್ನದು ಎಚ್‌ಒ ಸ್ಕೇಲ್, ಅಂದರೆ 1:87. ನಿಜದ ಒಂದು ಮೀಟರ್ ಇಲ್ಲಿ 11.5 ಮಿ.ಮೀ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬ್ರಾಡ್‌ಗೇಜ್ (ಎರಡು ಹಳಿಗಳ ನಡುವಿನ ಅಂತರ) 1676 ಮಿ.ಮೀ. ಈ ಸ್ಕೇಲಿನಲ್ಲಿ ಅದು 19 ಮಿ.ಮೀ. ಚಿಲ್ಲರೆ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ., ಅದು ಹೊರದೇಶದ ಗೇಜಿನ ಲೆಕ್ಕ. ನನ್ನ ರೈಲು ಇಷ್ಟು ವರ್ಷ ಈ ಸುಳ್ಳಿನ ಮೇಲೆಯೇ ಓಡಿದೆ, ಯಾರೂ ಕೇಳಲಿಲ್ಲ. ದೋಣಿಯ ಸುಳ್ಳು ಮಾತ್ರ ಒಂದೇ ದಿನದಲ್ಲಿ ಸಿಕ್ಕಿಬಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಆರಿಸಿಕೊಂಡ ಮಂಜಿ ಫೋಟೋ ಲೆಕ್ಕದಲ್ಲಿ 24 ಮೀಟರ್ ಆಸುಪಾಸು. ಮಾಡೆಲಿನಲ್ಲಿ 276 ಮಿ.ಮೀ. ನನ್ನ ದಕ್ಕೆಗೆ ಅಷ್ಟು ಉದ್ದ ಜಾಸ್ತಿ ಆಯಿತು, ಗೋದಾಮುಗಳೆಲ್ಲ ಗೂಡಂಗಡಿಯ ಹಾಗೆ ಕಾಣತೊಡಗಿದವು. 230ಕ್ಕೆ ಇಳಿಸಿದೆ. ಇಳಿಸುವಾಗ ಮೂತಿ ಮತ್ತು ಹಿಂಭಾಗ ಮುಟ್ಟಬಾರದು, ಮಂಜಿಯ ಮುಖಲಕ್ಷಣ ಇರುವುದೇ ಅಲ್ಲಿ. ಹೊಟ್ಟೆಯಲ್ಲಿ ಮಾತ್ರ ಕಡಿಮೆ ಮಾಡಬೇಕು. ಅಗಲ 70 ಮಿ.ಮೀ. ಇಟ್ಟೆ. ಎತ್ತರಕ್ಕೆ ಕೈ ಹಾಕಲೇ ಇಲ್ಲ. ಪಕ್ಕದಲ್ಲಿ 20 ಮಿ.ಮೀ.ನ ಮನುಷ್ಯ ನಿಲ್ಲುತ್ತಾನಲ್ಲ, ಎತ್ತರ ತಪ್ಪಿದರೆ ಅವನು ಚಾಡಿ ಹೇಳುತ್ತಾನೆ.

ಒಡಲಿಗೆ ಬಳಸಿದ್ದು 5 ಮಿ.ಮೀ. ಸನ್‌ಬೋರ್ಡ್. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ತರುತ್ತಾರಲ್ಲ, ಅದೇ. ಮೊದಲು ರಟ್ಟಿನಲ್ಲಿ ಮಾಡಿ ನೋಡಿದ್ದೆ. ಜುಲೈ ತಿಂಗಳ ಮಂಗಳೂರಿನಲ್ಲಿ ರಟ್ಟು ಹಪ್ಪಳದ ಹಾಗೆ ಮೆತ್ತಗಾಗಿ ತಿರುಚಿಕೊಂಡಿತು. ಸನ್‌ಬೋರ್ಡ್ ತೇವ ಕುಡಿಯುವುದಿಲ್ಲ. ದೋಣಿಯನ್ನು ಅಡ್ಡಕ್ಕೆ ಸೀಳಿದರೆ ಪ್ರತಿ ಮಟ್ಟದಲ್ಲಿ ಯಾವ ಆಕಾರ ಇರುತ್ತದೋ, ಆ ಆಕಾರದ ತುಂಡುಗಳನ್ನು ಕತ್ತರಿಸಿ ಒಂದರ ಮೇಲೆ ಒಂದು ಅಂಟಿಸುತ್ತಾ ಹೋದೆ. ನಡುವಿನಲ್ಲಿ ಐದು ಪದರ, 25 ಮಿ.ಮೀ. ಮೂತಿಯ ಕಡೆ ಎರಡು ಮತ್ತು ಹಿಂದೆ ಒಂದು ಬೆಣೆ ಹೆಚ್ಚಿಗೆ, ಯಾಕೆಂದರೆ ಮಂಜಿಯ ಅಂಚು ನೇರ ಗೆರೆಯಲ್ಲ, ಮುಂದಕ್ಕೆ ಹೋದ ಹಾಗೆ ಏರುತ್ತದೆ. ಈ ಏರು ಸಿಗದಿದ್ದರೆ ಸಾಬೂನು ಪೆಟ್ಟಿಗೆ ಆಗುತ್ತದೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚುಗಳನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ತಗ್ಗು ಇದ್ದಲ್ಲಿ ಎಂ-ಸೀಲ್ ತುಂಬಿದೆ. ಉಜ್ಜುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಆ ಬಿಳಿ ಪುಡಿ ಮೂಗಿಗೆ ಒಳ್ಳೆಯದಲ್ಲ.

ಪದರಗಳನ್ನು ನಾನು ಅಂಟಿಸಿದ್ದು ಫೆವಿಕಾಲ್‌ನಲ್ಲಿ. ಅದು ಮರಕ್ಕೆ, ಕಾಗದಕ್ಕೆ ಹಿಡಿಯುವ ಗೋಂದು. ತೇವ ಹೀರದ ಪ್ಲಾಸ್ಟಿಕ್‌ಗೆ ಅದು ಸರಿಯಾಗಿ ಕೂರುವುದಿಲ್ಲ. ಉಜ್ಜುವಾಗಲೇ ಕೆಳಗಿನ ಎರಡು ಪದರ ಅಲ್ಲಾಡುತ್ತಿತ್ತು. ಮೇಲಿನ ಮೂರನ್ನು ಬಿಡಿಸಿ ಫೆವಿಕ್ವಿಕ್‌ನಲ್ಲಿ ಮತ್ತೆ ಕೂರಿಸಿದೆ. ಕೆಳಗಿನದು ಹೇಗೂ ಕಾಣುವುದಿಲ್ಲ ಅಂತ ಹಾಗೇ ಬಿಟ್ಟೆ. ಈ ಸೋಮಾರಿತನ ಮುಂದೆ ನನ್ನನ್ನು ಕಾಪಾಡಿತು.

ಹಲಗೆಯ ನೋಟಕ್ಕೆ ಐಸ್‌ಕ್ರೀಮ್ ಕಡ್ಡಿ ದಪ್ಪ ಆಗುತ್ತದೆ. ಬಡಗಿಯ ಹತ್ತಿರ ವಿನೀರ್, ಅಂದರೆ ಮರದ ತೆಳು ಹಾಳೆಯ ಚೂರು ಕೇಳಿ ತಂದೆ, ಅರ್ಧ ಮಿ.ಮೀ. ದಪ್ಪದ್ದು. 3 ಮಿ.ಮೀ. ಪಟ್ಟಿಗಳಾಗಿ ಸೀಳಿದರೆ ಸ್ಕೇಲಿಗೆ 26 ಸೆಂ.ಮೀ. ಅಗಲದ ಹಲಗೆ. ಮೂತಿಯ ತಿರುವಿನಲ್ಲಿ ಒಣ ಪಟ್ಟಿ ಮುರಿಯುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒಂದು ಲೋಟದ ಸುತ್ತ ಕಟ್ಟಿ ಒಣಗಿಸಿ, ಆಮೇಲೆ ಅಂಟಿಸಬೇಕು. ಇದಕ್ಕೆ ಮೂರು ವಾರ ಹೋಯಿತು. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದೂ ಇದೇ. ಬಣ್ಣ ತೆಳ್ಳಗೆ ಕೊಟ್ಟರೆ ಮರದ ಗೆರೆ ಒಳಗಿನಿಂದ ಕಾಣುತ್ತದೆ, ಪ್ಲಾಸ್ಟಿಕ್‌ನಲ್ಲಿ ಎಷ್ಟು ಗೀಚಿದರೂ ಅದು ಬರುವುದಿಲ್ಲ.

ಮಂಜಿಯನ್ನು ದಕ್ಕೆಗೆ ತಾಗಿಸಿ ಇಟ್ಟೆ. ಮೇಲೆ ಗೋಣಿಗಳನ್ನು ಪೇರಿಸಿದೆ. ದಕ್ಕೆಯಿಂದ ಮಂಜಿಗೆ ಒಂದು ಹಲಗೆ, ಅದರ ಮೇಲೆ ಗೋಣಿ ಹೊತ್ತ ಇಬ್ಬರು. ಫೋಟೋ ಚೆನ್ನಾಗಿ ಬಂತು. ಆದರೂ ಏನೋ ಸರಿ ಇಲ್ಲ. ಗಾಜಿನ ಮೇಲೆ ಆಟಿಕೆ ಇಟ್ಟ ಹಾಗೆ ಇತ್ತು. ಬಣ್ಣ ತಿದ್ದಿದೆ, ಹಗ್ಗ ಬದಲಿಸಿದೆ, ಲೈಟ್ ತಿರುಗಿಸಿದೆ. ಊಹೂಂ.

ಸೆಪ್ಟೆಂಬರ್ ಕೊನೆಗೆ ಬಂದರಿನ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುವಾಗ, ಮೊದಲು ಫೋಟೋ ತೆಗೆಯಲು ಬಿಟ್ಟಿದ್ದ ಕಾಕ ಸಿಕ್ಕಿದರು. ಮಂಜಿಯಲ್ಲಿಯೇ ದುಡಿದು ತಲೆ ಬೆಳ್ಳಗಾದವರು. ಮೊಬೈಲಿನಲ್ಲಿ ತೋರಿಸಿದೆ. ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಇದು ಖಾಲಿ ಮಂಜಿ ಅಲ್ವಾ ಮಾರಾಯ್ರೆ?"

"ಇಲ್ಲ ಕಾಕ, ಗೋಣಿ ಉಂಟಲ್ಲ."

"ಅದೇ ಕೇಳಿದ್ದು. ಅಷ್ಟು ಗೋಣಿ ಹಾಕಿದ ಮೇಲೂ ಮಂಜಿ ತಗ್ಗಲಿಲ್ಲವಾ?" ಆಮೇಲೆ ಹಲಗೆಯ ಮೇಲೆ ಬೆರಳಿಟ್ಟರು. "ಇದು ಗುಡ್ಡ ಹತ್ತಿದ ಹಾಗೆ ಉಂಟು. ನೀವೇ ಒಮ್ಮೆ ಗೋಣಿ ಹೊತ್ತು ಹತ್ತಿ ನೋಡಿ."

ಚಾ ತಣ್ಣಗಾಯಿತು. ನಾನು ನೋಡಿದ್ದು, ಅಳೆದದ್ದು ಎಲ್ಲ ಮಳೆಗಾಲದ ಮಂಜಿಗಳನ್ನು. ಒಂದರಲ್ಲೂ ಸಾಮಾನು ಇರಲಿಲ್ಲ. ಖಾಲಿ ಇದ್ದಾಗ ಅವು ಎದೆ ಉಬ್ಬಿಸಿ ನೀರಿನ ಮೇಲೆ ಎತ್ತರಕ್ಕೆ ನಿಲ್ಲುತ್ತವೆ. ನಾನು ಖಾಲಿ ಹಡಗಿನ ಒಡಲು ಮಾಡಿ, ಅದರ ಮೇಲೆ ತುಂಬಿದ ಹಡಗಿನ ಸಾಮಾನು ಇಟ್ಟಿದ್ದೆ. ರೈಲಿನವನ ಬುದ್ಧಿ ಇಷ್ಟೇ. ವ್ಯಾಗನ್ ಖಾಲಿ ಇದ್ದರೂ ತುಂಬಿದ್ದರೂ ನಮ್ಮ ಕಣ್ಣಿಗೆ ಹಳಿಯಿಂದ ಒಂದೇ ಎತ್ತರ. ಹಡಗು ಹಾಗಲ್ಲ. ಅದರ ಹೊಟ್ಟೆಯಲ್ಲಿ ಎಷ್ಟಿದೆ ಅಂತ ನೀರೇ ಹೇಳುತ್ತದೆ.

ಮಾರನೆಯ ದಿನ ಮತ್ತೆ ದಕ್ಕೆಗೆ ಹೋಗಿ ತುಂಬುತ್ತಿದ್ದ ಒಂದು ಮಂಜಿಯನ್ನು ಬೆಳಿಗ್ಗೆಯೂ ಸಂಜೆಯೂ ನೋಡಿದೆ. ಅದು ಇಳಿಯುತ್ತಾ ಹೋಗುವುದು ಕಣ್ಣಿಗೇ ಗೊತ್ತಾಗುತ್ತದೆ. ಜೊತೆಗೆ ಭರತ ಇಳಿತದ ಆಟ ಬೇರೆ. ನಮ್ಮ ಕರಾವಳಿಯಲ್ಲಿ ಅದು ಒಂದು ಮೀಟರಿಗಿಂತ ತುಸು ಹೆಚ್ಚು, ಗುಜರಾತಿನ ಖಂಬಾತದ ಹಾಗೆ ಭಯಂಕರ ಏನಲ್ಲ. ಆದರೂ ನನ್ನ ಸ್ಕೇಲಿಗೆ 12 ಮಿ.ಮೀ. ಹತ್ತಿರ ಬರುತ್ತದೆ.

ಈಗ ಲೆಕ್ಕ ಸುಲಭ. ನನ್ನ ದಕ್ಕೆಯ ಅಂಚು ನೀರಿನಿಂದ 20 ಮಿ.ಮೀ. ಮೇಲೆ, ಅಂದರೆ ಒಂದಾಳು ಎತ್ತರ. ಮಂಜಿಯ ನಡು 25 ಮಿ.ಮೀ. ಇತ್ತು, ಆದ್ದರಿಂದಲೇ ಹಲಗೆ ಏರು. ಅಡಿಯಿಂದ 10 ಮಿ.ಮೀ. ತೆಗೆದರೆ ನಡು 15ಕ್ಕೆ ಬರುತ್ತದೆ, ಹಲಗೆ ದಕ್ಕೆಯಿಂದ ಮಂಜಿಗೆ ಇಳಿಜಾರು ಆಗುತ್ತದೆ. 10 ಮಿ.ಮೀ. ಅಂದರೆ ಎರಡು ಪದರ. ಯಾವ ಎರಡು? ಅಲ್ಲಾಡುತ್ತಿದ್ದ ಅದೇ ಎರಡು! ವಿನೀರ್ ಪಟ್ಟಿಯ ಮೇಲೆ ಸುತ್ತಲೂ ಬ್ಲೇಡಿನಲ್ಲಿ ಗೆರೆ ಕೊಯ್ದು, ಸಂದಿಯಲ್ಲಿ ಅಡುಗೆಮನೆಯ ಚೂರಿ ತೂರಿಸಿದೆ. ಬಿಸ್ಕೀಟಿನ ಹಾಗೆ ಕಳಚಿ ಬಂತು. ಆಮೇಲೆ ಹಿಂಭಾಗದ ಅಡಿಯನ್ನು ಇನ್ನೊಂದು ಮಿ.ಮೀ. ಉಜ್ಜಿದೆ. ಎಂಜಿನ್, ಕ್ಯಾಬಿನ್ ಎಲ್ಲ ಹಿಂದೆ ಇರುವುದರಿಂದ ಹಿಂಬದಿ ಸ್ವಲ್ಪ ಕೂತ ಹಾಗೆ ಕಾಣಬೇಕು.

ಅದನ್ನು ವಾಪಸು ಇಟ್ಟಾಗ ನಾನು ಮಾಡಿದ ದೋಣಿಯೇ ಇದು ಅನ್ನಿಸಲಿಲ್ಲ. ಭಾರ ಬಂದಿತ್ತು.

ನೀರಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಆಗಸ್ಟ್‌ನಲ್ಲಿ ಒಂದು ತುಂಡು ಪ್ಲೈವುಡ್ ಮೇಲೆ ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ) ಸುರಿದು ನೋಡಿದ್ದೆ. ಗಾಳಿಯಲ್ಲಿ ಅಷ್ಟು ತೇವ ಇದ್ದರೆ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮುಟ್ಟಿದರೆ ಅಂಟು. ನನ್ನದು ಗಂಜಿ ತಿಳಿಯ ಹಾಗೆ ಆಯಿತು. ಕೊನೆಗೆ ಟಿಶ್ಯೂ ಪೇಪರಿಗೇ ಶರಣಾದೆ. ಪ್ಲೈವುಡ್ ಮೇಲೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಟಿಶ್ಯೂ ಹಾಸಿ, ಒದ್ದೆ ಬ್ರಶ್‌ನಿಂದ ಸಣ್ಣ ಸಣ್ಣ ಸುಕ್ಕು ಎಬ್ಬಿಸಬೇಕು. ಒಣಗಿದ ಮೇಲೆ ಬಣ್ಣ. ನೀಲಿ ಬೇಡ. ನೇತ್ರಾವತಿ, ಗುರುಪುರ ಎರಡೂ ಸೇರುವ ಅಳಿವೆಯ ನೀರು ಹಸುರು ಮಿಶ್ರಿತ ಕಂದು, ದಕ್ಕೆಯ ಬುಡದಲ್ಲಿ ಇನ್ನೂ ಕಪ್ಪು. ಮೇಲೆ ಹೊಳೆಯುವ ವಾರ್ನಿಶ್ ಮೂರು ಕೋಟ್. ಮಂಜಿಯನ್ನು ಕೂರಿಸಿದ ಮೇಲೆ ಒಡಲು ಮತ್ತು ನೀರಿನ ನಡುವೆ ಕೂದಲೆಳೆ ಸಂದಿ ಇದ್ದರೂ ಎಲ್ಲ ಹಾಳು. ಅಲ್ಲಿ ಆಕ್ರಿಲಿಕ್ ಜೆಲ್ ಸವರಿ, ಕಡ್ಡಿಯಿಂದ ಸಣ್ಣ ಅಲೆ ಎಳೆದೆ.

ಉಳಿದ ಸಾಮಾನು ಮನೆಯದ್ದೇ. ಕಂಬಕ್ಕೆ ಹಿಡಿಸೂಡಿ ಕಡ್ಡಿ. ತೆಂಗಿನ ಗರಿಯ ಕಡ್ಡಿ ಬುಡದಲ್ಲಿ ದಪ್ಪ, ತುದಿಗೆ ಸಪೂರ, ನಾವು ಕೆತ್ತುವುದೇ ಬೇಡ. ಸಾಮಾನು ಎತ್ತುವ ಅಡ್ಡಕೋಲಿಗೂ ಅದೇ. ಹಗ್ಗಕ್ಕೆ ಹೊಲಿಗೆ ನೂಲನ್ನು ಹಾಲು ಹಾಕದ ಚಾದಲ್ಲಿ ಅದ್ದಿ, ಒಣಗಿದ ಮೇಲೆ ಮೇಣದ ಬತ್ತಿಗೆ ಉಜ್ಜಿದೆ, ಇಲ್ಲದಿದ್ದರೆ ನೂಲಿನ ರೋಮ ಎದ್ದು ಕಾಣುತ್ತದೆ. ದಕ್ಕೆಗೆ ತಾಗದ ಹಾಗೆ ನೇತು ಹಾಕುವ ಟಯರುಗಳು ಸ್ಕೂಟರಿನ ಪೆಟ್ರೋಲ್ ಪೈಪಿನ ಚೂರು. ಗೋಣಿಗಳು ಎಂ-ಸೀಲ್‌ನಲ್ಲಿ: ಉದ್ದಕ್ಕೆ ಹೊಸೆದು, ಚಪ್ಪಟೆ ಮಾಡಿ, 10 ಮಿ.ಮೀ.ಗೆ ಒಂದರಂತೆ ಕತ್ತರಿಸಿ, ಮೆತ್ತಗಿರುವಾಗಲೇ ಒಂದರ ಮೇಲೆ ಒಂದು ಪೇರಿಸಬೇಕು, ಆಗ ಕೆಳಗಿನದು ಭಾರಕ್ಕೆ ಕುಗ್ಗಿದ ಹಾಗೆ ಬರುತ್ತದೆ. ಅಮ್ಮ ನೋಡಿ "ತುಕ್ಕುಡಿ ಮಾಡ್ತಿದ್ದೀಯಾ?" ಅಂದರು, ಹಿಟ್ಟು ಕತ್ತರಿಸಿ ಕರಿಯುವ ತಿಂಡಿ ಅದು. ಈಗಿನ ಫೋಟೋ ನೋಡಿಕೊಂಡು ಟರ್ಪಾಲು ಮೊದಲು ನೀಲಿ ಮಾಡಿದ್ದೆ. 1980ಕ್ಕೆ ಅದು ಹೊಂದುವುದಿಲ್ಲ ಅನ್ನಿಸಿ ಕಾಕಿ ಕ್ಯಾನ್ವಾಸ್ ಬಣ್ಣ ಬಳಿದೆ. ಹಿಂಬದಿಯಲ್ಲಿ ನೀರಿನ ಮೇಲೆ ಚಾಚಿಕೊಂಡ ಕಕ್ಕಸಿನ ಪೆಟ್ಟಿಗೆಯನ್ನೂ ಮರೆಯಲಿಲ್ಲ. ಮಕ್ಕಳಿಗೆ ಇಡೀ ಮಾಡೆಲಿನಲ್ಲಿ ಅದೇ ಇಷ್ಟ.

ನವೆಂಬರ್‌ನಲ್ಲಿ ಕಾಕನಿಗೆ ಹೊಸ ಫೋಟೋ ತೋರಿಸಿದೆ. ಹಲಗೆ ನೋಡಿದರು, ನೀರಿನ ಗೆರೆ ನೋಡಿದರು. ತಲೆ ಆಡಿಸಿದರು. ನಾನು ಹಿಗ್ಗಿ ಇನ್ನೊಂದು ಚಾ ಹೇಳುವಷ್ಟರಲ್ಲಿ ಕೇಳಿದರು, "ಎಲ್ಲ ಸರಿ ಉಂಟು. ಇವರಿಗೆ ಅಡುಗೆ ಎಲ್ಲಿ?"

ಮಂಜಿಯಲ್ಲಿ ಅಡುಗೆ ಆಗುವುದು ಮೇಲೆಯೇ, ಒಂದು ಮರದ ಪೆಟ್ಟಿಗೆಯೊಳಗೆ, ಗಾಳಿಗೆ ಬೆನ್ನು ಕೊಟ್ಟು. ಫೋಟೋಗಳಲ್ಲಿ ಅದು ಇತ್ತು. ನಾನು ಅದನ್ನು ಸಾಮಾನಿನ ಪೆಟ್ಟಿಗೆ ಅಂದುಕೊಂಡಿದ್ದೆ. ಆ ರಾತ್ರಿಯೇ ಕೂತು ವಿನೀರಿನಲ್ಲಿ 14 ಮಿ.ಮೀ.ನ ಒಂದು ಪೆಟ್ಟಿಗೆ ಮಾಡಿದೆ. ಒಳಗೆ ಪೆನ್ಸಿಲ್ ಸೀಸದ ಪುಡಿ ಸವರಿ ಮಸಿ ಹಿಡಿಸಿದೆ, ಮುಂದೆ ಒಬ್ಬನನ್ನು ಕುಕ್ಕರುಗಾಲಿನಲ್ಲಿ ಕೂರಿಸಿದೆ. ಅವನ ಕೈಯಲ್ಲಿ ಸೌಟು ಇಡಲು ಹೋಗಿ ಎರಡು ಸಲ ಬೆರಳಿಗೆ ಫೆವಿಕ್ವಿಕ್ ಅಂಟಿತು. ಸೌಟು ಬಿಟ್ಟೆ. ಅವನು ಈಗ ಸುಮ್ನೆ ಅನ್ನ ಬೇಯುವುದನ್ನು ಕಾಯುತ್ತಾ ಕೂತಿದ್ದಾನೆ.